ಹಳೆಯ ಕಲ್ಲಿದ್ದಲು ಸ್ಥಾವರದ ಹೊಗೆ: ಕಣ್ಣಿಗೆ ಕಾಣುವುದು, ದಾವಣಗೆರೆಗೆ ತಲುಪುವುದು

ಪ್ರಶ್ನೆ: ನಾನು ದಾವಣಗೆರೆಯ ವಿನೋಬನಗರದಲ್ಲಿರುವ ನಿವೃತ್ತ ಶಿಕ್ಷಕ. ಹೋದ ಡಿಸೆಂಬರಿನಲ್ಲಿ ಮಗಳ ಊರಿಗೆ ಹೋಗುವಾಗ ದಾರಿಯಲ್ಲಿ ಒಂದು ಹಳೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಂಡಿತು. ಬೆಳಗಿನ ಹೊತ್ತು ಅದರ ಒಂದು ಚಿಮಣಿಯಿಂದ ದಟ್ಟವಾದ ಕಪ್ಪು ಹೊಗೆ ಬರುತ್ತಿತ್ತು. ಸಂಜೆ ಅದೇ ದಾರಿಯಲ್ಲಿ ಮರಳುವಾಗ ನೋಡಿದರೆ ಹೊಗೆಯ ಸುಳಿವೇ ಇರಲಿಲ್ಲ. ಇಂಥ ಸ್ಥಾವರಗಳು ಗಂಧಕ ತೆಗೆಯುವ ಯಂತ್ರ ಹಾಕಬೇಕಾಗಿಲ್ಲವೆಂದು ಕೇಂದ್ರ ಸರ್ಕಾರ ರಿಯಾಯಿತಿ ಕೊಟ್ಟಿದೆ ಎಂದು ಪತ್ರಿಕೆಯಲ್ಲಿ ಓದಿದೆ. ನನ್ನ ಹೆಂಡತಿಗೆ ಉಬ್ಬಸವಿದೆ, ಚಳಿಗಾಲದಲ್ಲಿ ಹೆಚ್ಚಾಗುತ್ತದೆ. ಅಷ್ಟು ದೂರದ ಹೊಗೆ ನಮ್ಮೂರಿನವರೆಗೆ ಬರುತ್ತದೆಯೇ? ನಲವತ್ತು ವರ್ಷದ ಸ್ಥಾವರವನ್ನು ಮುಚ್ಚಿಬಿಡುವುದೇ ಸರಿಯಲ್ಲವೇ?

ಉತ್ತರ: ಮೇಷ್ಟ್ರೇ, ತಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಹೊಗೆಗಳ ಮಾತಿದೆ. ಬೆಳಿಗ್ಗೆ ತಾವು ಕಂಡದ್ದು ಒಂದು, ಸಂಜೆ ಕಾಣದೆ ಹೋದದ್ದು ಇನ್ನೊಂದು. ಕಂಡ ಹೊಗೆಯಲ್ಲಿದ್ದದ್ದು ಬೂದಿ ಮತ್ತು ಮಸಿ. ಅದರ ಬಹುಪಾಲು ಸ್ಥಾವರದ ಸುತ್ತಮುತ್ತಲಿನ ಊರುಗಳ ಮೇಲೆಯೇ ಇಳಿಯುತ್ತದೆ, ಮತ್ತು ಅದನ್ನು ತಡೆಯುವ ಸಾಧನ ಎಷ್ಟೇ ಹಳೆಯ ಸ್ಥಾವರದಲ್ಲೂ ಈಗಾಗಲೇ ಇರುತ್ತದೆ. ಕಾಣದ ಹೊಗೆಯಲ್ಲಿದ್ದದ್ದು ಗಂಧಕದ ಡೈಆಕ್ಸೈಡ್. ನೂರಾರು ಕಿಲೋಮೀಟರ್ ದಾಟಿ ದಾವಣಗೆರೆಯಂಥ ಊರಿಗೂ ಬರಬಲ್ಲದ್ದು ಅದು, ಮತ್ತು ಅದನ್ನು ತಡೆಯುವ ಸಾಧನ ನಮ್ಮ ಹಳೆಯ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಇಲ್ಲ. ಘಟಕ ನಡೆಯುತ್ತಿದ್ದರೆ, ಚಿಮಣಿಯ ಬಾಯಿ ಸ್ವಚ್ಛವಾಗಿ ಕಂಡ ಸಂಜೆಯೂ ಗಂಧಕ ಹೊರಬರುತ್ತಲೇ ಇತ್ತು ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತುಗಳು ಸುಲಭವಾಗುತ್ತವೆ. ಉಷ್ಣ ಸ್ಥಾವರಗಳ ಬಾಯ್ಲರ್ ಮತ್ತು ಬೂದಿ ಹಿಡಿಯುವ ಯಂತ್ರಗಳ ನಿರ್ವಹಣೆಯಲ್ಲಿ ಕೆಲಸದ ವರ್ಷಗಳನ್ನೆಲ್ಲ ಕಳೆದು ಈಗ ಚಿತ್ರದುರ್ಗದಲ್ಲಿ ನೆಲೆಸಿರುವ ನಾನು, ನನಗೆ ಗೊತ್ತಿರುವಷ್ಟನ್ನು ತಮ್ಮ ಮುಂದಿಡುತ್ತೇನೆ.

ಪ್ರಮಾಣದ ಅಂದಾಜಿಗೆ 210 ಮೆಗಾವ್ಯಾಟ್ ಸಾಮರ್ಥ್ಯದ ಒಂದು ಘಟಕವನ್ನು ತೆಗೆದುಕೊಳ್ಳೋಣ. ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಎಂಟು ಘಟಕಗಳಲ್ಲಿ ಏಳು ಇದೇ ಸಾಮರ್ಥ್ಯದವು. ಅವುಗಳಲ್ಲಿ ಮೊದಲನೆಯದು 1985ರಲ್ಲಿ, ಎರಡನೆಯದು 1986ರಲ್ಲಿ ಚಾಲನೆಗೆ ಬಂದವು. 1980ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಇದೇ ಅಳತೆಯ ಘಟಕಗಳು ಸಾಲುಸಾಲಾಗಿ ಎದ್ದವು. ಇಂಥ ಘಟಕ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡುತ್ತದೆ ಎಂದಿಟ್ಟುಕೊಂಡರೆ, ಪೂರ್ಣ ಹೊರೆಯಲ್ಲಿ ಗಂಟೆಗೆ 147 ಟನ್, ದಿನಕ್ಕೆ ಸುಮಾರು 3,500 ಟನ್ ಬೇಕಾಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಶೇಕಡಾ 35ರಿಂದ 45ರವರೆಗೆ ಇರುತ್ತದೆ. ಶೇಕಡಾ 40 ಎಂದು ಹಿಡಿದರೂ ಗಂಟೆಗೆ 59 ಟನ್ ಬೂದಿಯಾಯಿತು. ಅದರ ಐದರಲ್ಲಿ ಒಂದು ಪಾಲು ಕುಲುಮೆಯ ತಳಕ್ಕೆ ಬೀಳುತ್ತದೆ. ಉಳಿದ ನಾಲ್ಕು ಪಾಲು, ಅಂದರೆ ಸುಮಾರು 47 ಟನ್, ಮೈದಾ ಹಿಟ್ಟಿನಷ್ಟು ನಯವಾದ ಹಾರುಬೂದಿಯಾಗಿ ಬಿಸಿ ಅನಿಲದ ಜೊತೆ ಚಿಮಣಿಯ ಕಡೆಗೆ ಹೊರಡುತ್ತದೆ. ನಮ್ಮ ಹೆದ್ದಾರಿಯಲ್ಲಿ ಓಡುವ ದೊಡ್ಡ ಟಿಪ್ಪರ್‌ಗಳಲ್ಲಿ ತುಂಬಿದರೆ ಎರಡು ಟಿಪ್ಪರ್‌ಗಳಿಗೂ ಮಿಕ್ಕುವಷ್ಟು ಬೂದಿ, ಗಂಟೆಗೊಮ್ಮೆ, ಒಂದೇ ಘಟಕದಿಂದ.

ಇದನ್ನು ಹಿಡಿಯುವ ಯಂತ್ರವನ್ನು ಸ್ಥಾವರದವರು ಇಎಸ್‌ಪಿ ಎನ್ನುತ್ತಾರೆ; ವಿದ್ಯುತ್ ಬಲದಿಂದ ಧೂಳನ್ನು ಸೆಳೆಯುವ ಯಂತ್ರ ಎಂದು ಅದರ ಅರ್ಥ. ಹೊರಗಿನಿಂದ ನೋಡಿದರೆ ನಾಲ್ಕೈದು ಮಹಡಿಯ ಕಿಟಕಿಯಿಲ್ಲದ ಕಬ್ಬಿಣದ ಕಟ್ಟಡ. ಒಳಗೆ ಎರಡಾಳಿಗೂ ಮೀರಿದ ಎತ್ತರದ ಉಕ್ಕಿನ ತಗಡುಗಳು ಸಾಲಾಗಿ ನೇತಾಡುತ್ತಿರುತ್ತವೆ, ಪ್ರತಿ ಎರಡು ಸಾಲುಗಳ ನಡುವೆ ತಂತಿಗಳು. ತಂತಿಗೆ ಹತ್ತಾರು ಸಾವಿರ ವೋಲ್ಟ್ ವಿದ್ಯುತ್ ಕೊಟ್ಟಾಗ ಅದರ ಸುತ್ತಲಿನ ಅನಿಲ ವಿದ್ಯುದಾವೇಶ ಪಡೆಯುತ್ತದೆ, ಬೂದಿಯ ಕಣಗಳಿಗೂ ಅದು ಹತ್ತುತ್ತದೆ, ಕಣಗಳು ತಗಡಿನ ಕಡೆಗೆ ಸರಿದು ಅಂಟಿಕೊಳ್ಳುತ್ತವೆ. ಆಗಾಗ ಒಂದು ಸುತ್ತಿಗೆ ತಗಡಿಗೆ ಬಡಿಯುತ್ತದೆ, ಬೂದಿ ಹೆಪ್ಪುಹೆಪ್ಪಾಗಿ ಕಳಚಿ ಕೆಳಗಿನ ಹಾಪರ್ ಎಂಬ ಬೂದಿತೊಟ್ಟಿಗೆ ಬೀಳುತ್ತದೆ. ಇಂಥ ತಗಡು ಮತ್ತು ತಂತಿಗಳ ಒಂದು ಕೋಣೆಗೆ ಫೀಲ್ಡ್ ಎಂದು ಹೆಸರು. ಒಂದರ ಹಿಂದೆ ಒಂದರಂತೆ ಆರೇಳು ಫೀಲ್ಡ್‌ಗಳನ್ನು ದಾಟಿದ ಮೇಲೆಯೇ ಅನಿಲ ಚಿಮಣಿ ಸೇರುತ್ತದೆ.

ಇಲ್ಲೊಂದು ಲೆಕ್ಕವನ್ನು ತಾವು ಸಮಾಧಾನದಿಂದ ನೋಡಬೇಕು, ಏಕೆಂದರೆ ಹಳೆಯ ಸ್ಥಾವರದ ಗುಟ್ಟೆಲ್ಲ ಇದರಲ್ಲಿದೆ. ನಮ್ಮ 210 ಮೆಗಾವ್ಯಾಟ್ ಘಟಕದಿಂದ ಗಂಟೆಗೆ ಸುಮಾರು 9 ಲಕ್ಷ ಘನ ಮೀಟರ್ ಅನಿಲ ಹೊರಡುತ್ತದೆ ಎನ್ನೋಣ. 47 ಟನ್ ಬೂದಿಯನ್ನು ಅದಕ್ಕೆ ಹಂಚಿದರೆ ಒಂದು ಘನ ಮೀಟರಿನಲ್ಲಿ 52 ಗ್ರಾಂ ಬೂದಿ. 2003ರ ಕೊನೆಯೊಳಗೆ ಸ್ಥಾಪನೆಯಾದ ಘಟಕಗಳು ಹೊರಬಿಡಬಹುದಾದ ಮಿತಿ 100 ಮಿಲಿಗ್ರಾಂ. ಅಂದರೆ 520ರಲ್ಲಿ ಒಂದು ಪಾಲು ಮಾತ್ರ ಹೊರಹೋಗಬೇಕು. ಆರು ಫೀಲ್ಡ್‌ಗಳಿದ್ದು, ಪ್ರತಿಯೊಂದೂ ತನ್ನ ಪಾಲಿಗೆ ಬಂದ ಬೂದಿಯಲ್ಲಿ ಶೇಕಡಾ 65ನ್ನು ಹಿಡಿದು 35ನ್ನು ಮುಂದಕ್ಕೆ ಬಿಟ್ಟರೆ, ಆರನೆಯ ಫೀಲ್ಡ್ ದಾಟುವ ಹೊತ್ತಿಗೆ ಹೆಚ್ಚುಕಡಿಮೆ 100 ಮಿಲಿಗ್ರಾಂ ಉಳಿಯುತ್ತದೆ. ಈಗ ಒಂದು ಫೀಲ್ಡ್ ಕೆಟ್ಟು ನಿಂತಿತೆನ್ನಿ. ಆರರಲ್ಲಿ ಒಂದು ತಾನೇ ಹೋದದ್ದು, ಧೂಳು ಆರನೇ ಒಂದು ಪಾಲು ಹೆಚ್ಚಾದೀತು ಎಂದು ನಮಗೆ ತೋರುತ್ತದೆ. ಹಾಗಾಗುವುದಿಲ್ಲ. ಆ ದಾರಿಯಲ್ಲಿ ಹೋಗುವ ಅನಿಲದಲ್ಲಿ ಧೂಳು 100ರಿಂದ 280 ಮಿಲಿಗ್ರಾಂಗೆ ಜಿಗಿಯುತ್ತದೆ. ಎರಡು ಫೀಲ್ಡ್ ನಿಂತರೆ 800. ಒಂದು ಘಟಕದಲ್ಲಿ ಅನಿಲ ಹೋಗಲು ಇಂಥ ದಾರಿಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ ಚಿಮಣಿಯ ಸರಾಸರಿ ಇಷ್ಟು ಏರಲಾರದು, ಆದರೆ ಏರಿಕೆಯ ರೀತಿ ಇದೇ.

ಫೀಲ್ಡ್ ಕೆಡುವುದಕ್ಕೆ ದೊಡ್ಡ ಅವಘಡವೇನೂ ಆಗಬೇಕಾಗಿಲ್ಲ. ವಾರ್ಷಿಕ ಓವರ್‌ಹಾಲ್ ಸಮಯದಲ್ಲಿ, ಯಂತ್ರ ತಣ್ಣಗಾಗಿ, ವಿದ್ಯುತ್ ಕಡಿದು, ತಂತಿಗಳಿಗೆ ಅರ್ಥಿಂಗ್ ಹಾಕಿದ ಮೇಲೆ ನಾನು ಅದೆಷ್ಟೋ ಸಲ ಅದರೊಳಗೆ ಇಳಿದಿದ್ದೇನೆ. ಟಾರ್ಚ್ ಬೆಳಕು ಹತ್ತು ಅಡಿ ಆಚೆಗೆ ಹೋಗದಷ್ಟು ಬೂದಿ ಗಾಳಿಯಲ್ಲಿ ನಿಂತಿರುತ್ತದೆ. ಕಾಲಿಟ್ಟಲ್ಲಿ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಒಂದು ವರ್ಷ ಹೀಗೆ ಇಳಿದಾಗ ಎರಡನೆಯ ಫೀಲ್ಡಿನಲ್ಲಿ ಒಂದೇ ಒಂದು ತಂತಿ ತುಂಡಾಗಿ ತಗಡಿಗೆ ಒರಗಿ ನಿಂತಿತ್ತು. ಬೆರಳಿಗಿಂತ ತೆಳ್ಳಗಿನ ಆ ತಂತಿ ಶಾರ್ಟ್ ಮಾಡಿದ್ದರಿಂದ ಇಡೀ ಫೀಲ್ಡು ನಾಲ್ಕು ತಿಂಗಳು ಸತ್ತು ಬಿದ್ದಿತ್ತು. ಅದರ ಪಕ್ಕದ ಸಾಲಿನಲ್ಲಿ ಬಡಿಯುವ ಸುತ್ತಿಗೆಯೊಂದು ಕಳಚಿ ಹಾಪರ್‌ಗೆ ಬಿದ್ದಿತ್ತು. ಏಟು ಬೀಳದ ತಗಡುಗಳ ಮೇಲೆ ಬೂದಿ ಎರಡು ಬೆರಳು ದಪ್ಪ ಕಟ್ಟಿ, ಹಳೆಯ ಮನೆಯ ಗೋಡೆಯ ಗಿಲಾವಿನಂತೆ ಗಟ್ಟಿಯಾಗಿತ್ತು. ಹಾಪರ್‌ನ ಬುಡದಲ್ಲಿ ಬೂದಿ ತಣ್ಣಗಾಗದಂತೆ ಕಾಯಿಸುವ ಹೀಟರ್ ಸುಟ್ಟುಹೋದರೂ ಇದೇ ಪಾಡು. ತಣ್ಣಗಾದ ಬೂದಿ ತೇವ ಹೀರಿ ಕಟ್ಟಿಕೊಳ್ಳುತ್ತದೆ, ಹಾಪರ್ ತುಂಬಿ ತಂತಿಯವರೆಗೆ ಏರುತ್ತದೆ, ಫೀಲ್ಡ್ ಟ್ರಿಪ್ ಆಗುತ್ತದೆ. ಸಾವಿರ ರೂಪಾಯಿಯ ತಂತಿಗಾಗಿ ದಿನಕ್ಕೆ 50 ಲಕ್ಷ ಯೂನಿಟ್ ಕೊಡುವ ಘಟಕವನ್ನು ನಿಲ್ಲಿಸಲು ಯಾವ ಅಧಿಕಾರಿಯೂ ಸುಲಭಕ್ಕೆ ಒಪ್ಪುವುದಿಲ್ಲ. ಮುಂದಿನ ಓವರ್‌ಹಾಲ್‌ನಲ್ಲಿ ನೋಡೋಣ ಎಂದಾಗುತ್ತದೆ. ಬೇಸಿಗೆಯ ಬೇಡಿಕೆಯ ನಡುವೆ ಆ ನಿರ್ಧಾರ ಕೈಗೊಳ್ಳುವವರ ಕಷ್ಟ ನನಗೆ ಗೊತ್ತು. ಅದರ ಬೆಲೆಯನ್ನು ಸ್ಥಾವರದ ಬೇಲಿಯಾಚೆಯ ಹಳ್ಳಿಗಳು ತೆರುತ್ತವೆ ಎಂಬುದೂ ಗೊತ್ತು.

ವಯಸ್ಸಾದಂತೆ ಇನ್ನೊಂದು ತೊಂದರೆ ನಿಧಾನವಾಗಿ ಸೇರಿಕೊಳ್ಳುತ್ತದೆ. ಕುಲುಮೆಗೆ ಹೋಗುವ ಗಾಳಿಯನ್ನು ಹೊರಹೋಗುವ ಅನಿಲದ ಬಿಸಿಯಿಂದಲೇ ಕಾಯಿಸುವ ಏರ್ ಪ್ರೀಹೀಟರ್ ಎಂಬ ದೊಡ್ಡ ತಿರುಗುಚಕ್ರವಿದೆ. ಅದರ ಅಂಚಿನ ಸೀಲುಗಳು ಸವೆದಂತೆ ಹೊಸ ಗಾಳಿ ಕುಲುಮೆಗೆ ಹೋಗದೆ ನೇರವಾಗಿ ಅನಿಲದ ಕಡೆಗೆ ಸೋರುತ್ತದೆ. ಇಎಸ್‌ಪಿಯ ಮೂಲಕ ಹಾಯುವ ಅನಿಲದ ಗಾತ್ರ ಹೆಚ್ಚುತ್ತದೆ, ವೇಗ ಹೆಚ್ಚುತ್ತದೆ, ಕಣಗಳಿಗೆ ತಗಡಿನತ್ತ ಸರಿಯಲು ಸಿಗುವ ಸಮಯ ಕಡಿಮೆಯಾಗುತ್ತದೆ. ಯಂತ್ರದ ಎಲ್ಲ ಫೀಲ್ಡ್‌ಗಳೂ ಚೆನ್ನಾಗಿದ್ದು, ಧೂಳು ಮಾತ್ರ ಹೆಚ್ಚಿದ್ದರೆ ನಾವು ಮೊದಲು ಹುಡುಕುತ್ತಿದ್ದುದು ಈ ಸೋರಿಕೆಯನ್ನೇ.

ತಾವು ಬೆಳಿಗ್ಗೆ ಕಂಡ ಕಪ್ಪು ಬಣ್ಣಕ್ಕೆ ಬಹುಮಟ್ಟಿಗೆ ಬೇರೆ ಕಾರಣವಿದ್ದೀತು. ನಿಂತಿದ್ದ ಘಟಕವನ್ನು ಮತ್ತೆ ಹೊತ್ತಿಸುವಾಗ ಮೊದಲಿಗೆ ಎಣ್ಣೆ ಉರಿಸುತ್ತಾರೆ, ಬೆಂಕಿ ನೆಲೆಗೊಂಡ ಮೇಲೆ ಕಲ್ಲಿದ್ದಲಿನ ಪುಡಿ ಬಿಡುತ್ತಾರೆ. ಎಣ್ಣೆ ಪೂರ್ತಿ ಉರಿಯದಿದ್ದರೆ ಆ ಜಿಡ್ಡು ಮಸಿ ತಗಡುಗಳಿಗೆ ಅಂಟಿ ಬೆಂಕಿ ಹತ್ತುವ ಅಪಾಯವಿರುವುದರಿಂದ ಆ ಹೊತ್ತಿನಲ್ಲಿ ಇಎಸ್‌ಪಿಯ ಕೆಲವು ಫೀಲ್ಡ್‌ಗಳನ್ನು ಆರಿಸಿಡುತ್ತಾರೆ ಅಥವಾ ಕಡಿಮೆ ವೋಲ್ಟೇಜಿನಲ್ಲಿ ನಡೆಸುತ್ತಾರೆ. ಹಾಗಾಗಿ ಹೊತ್ತಿಸಿದ ಮೊದಲ ಕೆಲವು ಗಂಟೆ ಹೊಗೆ ಕಪ್ಪಾಗಿ ಬರುತ್ತದೆ. ದಿನವಿಡೀ ಬೂದುಬಣ್ಣದ ಹೊಗೆ ಬಂದರೆ ಅದು ಫೀಲ್ಡ್ ಕೆಟ್ಟಿರುವ ಗುರುತು. ಸೊಂಟ ಸಣ್ಣಗಿರುವ ಅಗಲ ಗೋಪುರಗಳಿಂದ ಬೆಳ್ಳಗೆ ಏಳುವುದು ನೀರಿನ ಆವಿ, ಅದಕ್ಕೆ ಹೆದರಬೇಕಾಗಿಲ್ಲ.

ಹಿಂದೆ ಇಂಥ ಘಟಕ ಒಮ್ಮೆ ಹೊತ್ತಿಸಿದರೆ ತಿಂಗಳುಗಟ್ಟಲೆ ಒಂದೇ ಹೊರೆಯಲ್ಲಿ ನಡೆಯುತ್ತಿತ್ತು. ಈಗ ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಂತ್ರಗಳು, ಪಾವಗಡದ ಸೌರ ಫಲಕಗಳು ಹಗಲು ಹೊತ್ತು ವಿದ್ಯುತ್ ತುಂಬಿ ಕೊಡುವಾಗ ಹಳೆಯ ಕಲ್ಲಿದ್ದಲು ಘಟಕ ಹೊರೆ ಇಳಿಸಬೇಕು, ಸಂಜೆ ಸೂರ್ಯ ಮುಳುಗಿದೊಡನೆ ಏರಿಸಬೇಕು, ಮಳೆಗಾಲದಲ್ಲಿ ಕೆಲವು ವಾರ ಪೂರ್ತಿ ನಿಲ್ಲಬೇಕು. ಈ ಏರಿಳಿತಕ್ಕಾಗಿ ಅವನ್ನು ಕಟ್ಟಿರಲಿಲ್ಲ. ತೀರ ಕಡಿಮೆ ಹೊರೆಯಲ್ಲಿ ಬೆಂಕಿ ನಡುಗುತ್ತದೆ, ಮತ್ತೆ ಎಣ್ಣೆಯ ಆಸರೆ ಬೇಕಾಗುತ್ತದೆ, ಮತ್ತೆ ಆ ಕಪ್ಪು ಹೊಗೆ. ಗಾಳಿ ಮತ್ತು ಸೂರ್ಯನ ವಿದ್ಯುತ್ ಬೇಡವೆಂದು ಇದರ ಅರ್ಥವಲ್ಲ. ಅದು ಬಂದಷ್ಟೂ ಒಟ್ಟು ಸುಡುವ ಕಲ್ಲಿದ್ದಲು ಇಳಿಯುತ್ತದೆ, ಅದು ದೊಡ್ಡ ಲಾಭ. ಆದರೆ ಹೊತ್ತಿಸುವ, ಆರಿಸುವ ಗಂಟೆಗಳ ಹೊಗೆಯನ್ನು ವರ್ಷದ ಸರಾಸರಿಯಲ್ಲಿ ಕರಗಿಸಿಬಿಡದೆ ಪ್ರತ್ಯೇಕವಾಗಿ ಲೆಕ್ಕವಿಡಬೇಕಾದ ಕಾಲ ಬಂದಿದೆ.

ಈಗ ಗಂಧಕ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಸುಮಾರು ಶೇಕಡಾ ಅರ್ಧ, ಬೇರೆ ಎಷ್ಟೋ ದೇಶಗಳ ಕಲ್ಲಿದ್ದಲಿಗಿಂತ ಕಡಿಮೆ. ಇದನ್ನು ಹೆಮ್ಮೆಯಿಂದ ಹೇಳುವವರು ಬಹಳ ಮಂದಿ. ಆದರೆ ಸ್ಥಾವರದಲ್ಲಿ ಕೆಲಸ ಮಾಡಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಗಂಧಕ ಕಡಿಮೆಯಿದ್ದಾಗ ಹಾರುಬೂದಿ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ತಗಡಿಗೆ ಅಂಟಿದ ಪದರದಲ್ಲಿ ಆವೇಶ ಕೂಡಿಕೊಂಡು, ಒಳಗಿನಿಂದಲೇ ಕಿಡಿಯೊಡೆದು, ಹಿಡಿದ ಬೂದಿಯನ್ನು ಮತ್ತೆ ಅನಿಲಕ್ಕೆ ಚಿಮ್ಮಿಸುತ್ತದೆ. ಇದಕ್ಕಾಗಿ ಅನಿಲಕ್ಕೆ ಅಮೋನಿಯಾವನ್ನೋ ಗಂಧಕದ ಟ್ರೈಆಕ್ಸೈಡನ್ನೋ ಚೂರು ಬೆರೆಸುವ ಪದ್ಧತಿಯೂ ಇದೆ. ನಮ್ಮ ಇಎಸ್‌ಪಿಗಳು ಅಷ್ಟು ದೊಡ್ಡದಾಗಿ ಇರಬೇಕಾಗಿ ಬಂದದ್ದು ಈ ಕಾರಣಕ್ಕೂ ಹೌದು.

ಅರ್ಧ ಶೇಕಡಾ ಎಂದರೆ ಎಷ್ಟು? ಗಂಟೆಗೆ 147 ಟನ್ ಕಲ್ಲಿದ್ದಲಿನಲ್ಲಿ 735 ಕಿಲೋ ಗಂಧಕ. ಸುಟ್ಟಾಗ ಅದು ಆಮ್ಲಜನಕ ಸೇರಿಸಿಕೊಂಡು ಎರಡರಷ್ಟು ತೂಗುತ್ತದೆ, ಸುಮಾರು ಒಂದೂವರೆ ಟನ್ ಗಂಧಕದ ಡೈಆಕ್ಸೈಡ್. ಘನ ಮೀಟರಿಗೆ ಇದು 1,600 ಮಿಲಿಗ್ರಾಂ ದಾಟುತ್ತದೆ. ಬಣ್ಣವಿಲ್ಲದ ಅನಿಲವಾದ್ದರಿಂದ ಇಎಸ್‌ಪಿ ಇದನ್ನು ಒಂದು ಚೂರೂ ಹಿಡಿಯಲಾರದು. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್ 7ರಂದು ಹೊರಡಿಸಿದ ಅಧಿಸೂಚನೆಯಲ್ಲಿ 500 ಮೆಗಾವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ ಹಳೆಯ ಘಟಕಗಳಿಗೆ 600 ಮಿಲಿಗ್ರಾಂ, 500 ಮತ್ತು ಅದಕ್ಕೂ ಮೇಲಿನವುಗಳಿಗೆ 200 ಮಿಲಿಗ್ರಾಂ, 2017ರ ಜನವರಿಯಿಂದ ಬರುವ ಹೊಸ ಘಟಕಗಳಿಗೆ 100 ಮಿಲಿಗ್ರಾಂ ಎಂದು ಮಿತಿ ಹಾಕಿತು. ಕುಡಿತಿನಿಯಲ್ಲಿರುವ ಬಳ್ಳಾರಿ ಸ್ಥಾವರದ ಮೊದಲ ಎರಡು ಘಟಕಗಳು ತಲಾ 500 ಮೆಗಾವ್ಯಾಟಿನವು, ಆದ್ದರಿಂದ ಅವು ಆ ಅಧಿಸೂಚನೆಯಂತೆ 200ರ ಪಟ್ಟಿಗೆ ಸೇರುತ್ತಿದ್ದವು. 1,600ರಿಂದ 200ಕ್ಕೆ ಇಳಿಯಲು ನಿರ್ವಹಣೆ ಎಷ್ಟೇ ಚೆನ್ನಾಗಿದ್ದರೂ ಸಾಲದು, ಅನಿಲದಿಂದ ಗಂಧಕ ತೆಗೆಯುವ ಎಫ್‌ಜಿಡಿ ಎಂಬ ಬೇರೆಯೇ ಯಂತ್ರ ಬೇಕು.

ಎಫ್‌ಜಿಡಿಯ ಒಳಗೆ ನಡೆಯುವುದು ಸರಳ ರಸಾಯನಶಾಸ್ತ್ರ, ತಾವು ಮಕ್ಕಳಿಗೆ ಪಾಠ ಮಾಡಬಹುದಾದಷ್ಟು ಸರಳ. ಸುಣ್ಣದಕಲ್ಲನ್ನು ಪುಡಿಮಾಡಿ ನೀರಿನಲ್ಲಿ ಕಲಸಿದ ಹಾಲಿನಂಥ ದ್ರವವನ್ನು ಎತ್ತರದ ಗೋಪುರದೊಳಗೆ ಮಳೆಯಂತೆ ಸುರಿಸುತ್ತಾರೆ. ಕೆಳಗಿನಿಂದ ಏರಿಬರುವ ಅನಿಲದಲ್ಲಿನ ಗಂಧಕದ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ, ಆಮೇಲೆ ಊದುವ ಗಾಳಿಯಲ್ಲಿ ಜಿಪ್ಸಂ ಆಗುತ್ತದೆ. ಆ ಜಿಪ್ಸಂ ಸಿಮೆಂಟ್ ಕಾರ್ಖಾನೆಗೆ ಬೇಕಾದ ಪದಾರ್ಥ. ಒಂದು ಟನ್ ಗಂಧಕದ ಡೈಆಕ್ಸೈಡ್ ಹಿಡಿಯಲು ಸುಮಾರು 1.6 ಟನ್ ಸುಣ್ಣದಕಲ್ಲು ಬೇಕು, 2.7 ಟನ್ ಜಿಪ್ಸಂ ಸಿಗುತ್ತದೆ. ಸೇಡಂ, ವಾಡಿಯ ಸುತ್ತ ಸುಣ್ಣದಕಲ್ಲೂ ಸಿಮೆಂಟ್ ಕಾರ್ಖಾನೆಗಳೂ ಇರುವ ನಮ್ಮ ರಾಜ್ಯಕ್ಕೆ ಕಚ್ಚಾವಸ್ತುವಿನ ಕೊರತೆಯಿಲ್ಲ. ಆದರೆ ಖರ್ಚು ದೊಡ್ಡದು, ನೀರು ಬೇಕು, ಘಟಕ ಉತ್ಪಾದಿಸುವ ವಿದ್ಯುತ್ತಿನಲ್ಲಿ ಶೇಕಡಾ ಒಂದಕ್ಕೂ ಹೆಚ್ಚನ್ನು ಅದೇ ತಿನ್ನುತ್ತದೆ.

2015ರ ಮಿತಿಗಳಿಗೆ ಎರಡು ವರ್ಷದ ಗಡುವಿತ್ತು. ಅದು 2022ಕ್ಕೆ ಹೋಯಿತು, ಅಲ್ಲಿಂದ ಇನ್ನೂ ಮುಂದಕ್ಕೆ ಹೋಗುತ್ತಲೇ ಬಂದಿತು. 2021ರಲ್ಲಿ ಸ್ಥಾವರಗಳನ್ನು ಮೂರು ವರ್ಗ ಮಾಡಿದರು: ದೆಹಲಿ ಸುತ್ತಲಿನ ರಾಜಧಾನಿ ಪ್ರದೇಶದಿಂದ ಅಥವಾ ಹತ್ತು ಲಕ್ಷಕ್ಕೂ ಮಿಗಿಲು ಜನರಿರುವ ನಗರದಿಂದ 10 ಕಿಲೋಮೀಟರ್ ಒಳಗಿನವು ‘ಎ’, ತೀವ್ರ ಮಾಲಿನ್ಯದ ಪ್ರದೇಶ ಅಥವಾ ಗಾಳಿಯ ಗುಣಮಟ್ಟ ಮುಟ್ಟದ ನಗರದಿಂದ 10 ಕಿಲೋಮೀಟರ್ ಒಳಗಿನವು ‘ಬಿ’, ಉಳಿದವೆಲ್ಲ ‘ಸಿ’. ತಾವು ಓದಿದ ಸುದ್ದಿ 2025ರ ಜುಲೈ 11ರ ಅಧಿಸೂಚನೆಯದು. ಅದರಂತೆ ‘ಎ’ ವರ್ಗದವು 2027ರ ಅಂತ್ಯದೊಳಗೆ ಗಂಧಕದ ಮಿತಿ ಪಾಲಿಸಬೇಕು, ‘ಬಿ’ ವರ್ಗದವನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಬೇಕು, ‘ಸಿ’ ವರ್ಗಕ್ಕೆ ಚಿಮಣಿಯ ಎತ್ತರದ ನಿಯಮ ಪಾಲಿಸಿದರೆ ಗಂಧಕದ ಮಿತಿಯೇ ಅನ್ವಯಿಸದು. ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಘಟಕಗಳು ಈ ‘ಸಿ’ ವರ್ಗದಲ್ಲಿವೆ. ಇದು ಹಳೆಯ ಸ್ಥಾವರಗಳಿಗಷ್ಟೇ ಕೊಟ್ಟ ರಿಯಾಯಿತಿ ಎಂಬ ತಮ್ಮ ಭಾವನೆ ಸರಿಯಲ್ಲ. ವಿಂಗಡಣೆ ನಡೆದಿರುವುದು ವಯಸ್ಸಿನ ಮೇಲಲ್ಲ, ಜಾಗದ ಮೇಲೆ.

ಈ ರಿಯಾಯಿತಿಯ ಪರವಾಗಿ ಹೇಳುವ ಮಾತುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಹೆಚ್ಚಿನ ಊರುಗಳಲ್ಲಿ ಉಸಿರಾಡುವ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ರಾಷ್ಟ್ರೀಯ ಮಿತಿಯಾದ ಘನ ಮೀಟರಿಗೆ 80 ಮೈಕ್ರೋಗ್ರಾಂ ಒಳಗೇ ಇದೆ. ಸುಣ್ಣದಕಲ್ಲು ಬಳಸಿದಾಗ ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಹೆಚ್ಚು ಬಿಡುಗಡೆಯಾಗುತ್ತದೆ. ಇಷ್ಟೂ ನಿಜ. ಆದರೂ ಈ ವಾದ ಗಂಧಕವನ್ನು ಅನಿಲವಾಗಿ ಮಾತ್ರ ಅಳೆಯುತ್ತದೆ ಎಂಬುದು ನನ್ನ ಆಕ್ಷೇಪ. ಚಿಮಣಿಯಿಂದ ಹೊರಟ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಬಿಸಿಲು, ತೇವ, ಹೊಲಗದ್ದೆಗಳ ಗೊಬ್ಬರದಿಂದ ಮತ್ತು ಕೊಟ್ಟಿಗೆಗಳಿಂದ ಏಳುವ ಅಮೋನಿಯಾ ಇವುಗಳೊಡನೆ ಸೇರಿ ಒಂದೆರಡು ದಿನಗಳಲ್ಲಿ ಅದರ ಒಂದು ದೊಡ್ಡ ಪಾಲು ಅಮೋನಿಯಂ ಸಲ್ಫೇಟಿನ ಅತಿಸೂಕ್ಷ್ಮ ಕಣಗಳಾಗುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ, ಶ್ವಾಸಕೋಶದ ತುದಿಯವರೆಗೆ ಇಳಿಯುವ ಪಿಎಂ 2.5 ಎಂಬ ಕಣಗಳಲ್ಲಿ ಇದೂ ಒಂದು. ಅಷ್ಟು ಹೊತ್ತಿಗೆ ಅದು ಹೊರಟ ಊರಿನ ಅಳತೆಯಂತ್ರವನ್ನು ದಾಟಿ ಎಲ್ಲೋ ಹೋಗಿರುತ್ತದೆ. 220 ಮೀಟರ್, 275 ಮೀಟರ್ ಎತ್ತರದ ಚಿಮಣಿಗಳು ಬುಡದ ಊರನ್ನು ಕಾಪಾಡುತ್ತವೆ, ನಿಜ. ಅವು ಗಂಧಕವನ್ನು ಇಲ್ಲವಾಗಿಸುವುದಿಲ್ಲ, ದೂರಕ್ಕೆ ಕಳಿಸುತ್ತವೆ.

ಈಗ ತಮ್ಮ ಊರಿನ ಮಾತು. ರಾಯಚೂರು ಸ್ಥಾವರವಿರುವ ಶಕ್ತಿನಗರದಿಂದ ದಾವಣಗೆರೆಗೆ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್, ಕುಡಿತಿನಿಯಿಂದ ನೂರಕ್ಕೂ ಸ್ವಲ್ಪ ಹೆಚ್ಚು. ಎರಡೂ ತಮಗೆ ಈಶಾನ್ಯ ದಿಕ್ಕಿನಲ್ಲಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಅಲ್ಲಿನ ಹೊಗೆ ತಮ್ಮ ಕಡೆ ಬರುವುದಿಲ್ಲ, ಬಂದರೂ ಮಳೆ ತೊಳೆದುಹಾಕುತ್ತದೆ. ನವೆಂಬರ್‌ನಿಂದ ಚಳಿಗಾಲ ಮುಗಿಯುವವರೆಗೆ ಗಾಳಿ ಈಶಾನ್ಯ ಮತ್ತು ಪೂರ್ವದಿಂದ ಬೀಸುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದ ಮಂದ ಗಾಳಿಯೂ ಒಂದು ಹಗಲು ಒಂದು ರಾತ್ರಿಯಲ್ಲಿ 260 ಕಿಲೋಮೀಟರ್ ಸಾಗುತ್ತದೆ. ಆದ್ದರಿಂದ ಚಳಿಗಾಲದ ಕೆಲವು ದಿನಗಳಲ್ಲಿ ಆ ದಿಕ್ಕಿನ ಗಂಧಕ ಸಲ್ಫೇಟ್ ಕಣಗಳಾಗಿ ಮಧ್ಯ ಕರ್ನಾಟಕದ ಮೇಲೆ ಹಾಯುತ್ತದೆ ಎಂಬುದು ಅನುಮಾನದ ಮಾತಲ್ಲ.

ಹಾಗೆಂದು ತಮ್ಮ ಮನೆಯವರ ಉಬ್ಬಸಕ್ಕೆ ಆ ಚಿಮಣಿಗಳೇ ಕಾರಣವೆಂದು ನಾನು ಹೇಳಿದರೆ ತಪ್ಪು ಹೇಳಿದಂತಾಗುತ್ತದೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರ ಜನವರಿಯಲ್ಲಿ ಆರಂಭವಾದಾಗ, ಗಾಳಿಯ ಗುಣಮಟ್ಟ ಮುಟ್ಟದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ದಾವಣಗೆರೆಯ ಹೆಸರೂ ಇತ್ತು. ಅಲ್ಲಿ ಮುಖ್ಯವಾಗಿ ಮಿತಿ ಮೀರಿದ್ದು ಪಿಎಂ 10 ಎಂಬ ದಪ್ಪ ಧೂಳು: ರಸ್ತೆಯ ಮಣ್ಣು, ಕಟ್ಟಡ ಕೆಲಸ, ವಾಹನಗಳ ಹೊಗೆ, ಮಂಡಕ್ಕಿ ಭಟ್ಟಿಗಳ ಹೊಗೆ, ಬೀದಿಯಲ್ಲಿ ಸುಡುವ ಕಸ. ಚಳಿಗಾಲದ ಮುಂಜಾನೆ ತಣ್ಣನೆಯ ಗಾಳಿ ನೆಲಕ್ಕೆ ಕವುಚಿಕೊಂಡು ಮೇಲೇಳದೆ ಇರುವಾಗ ಇವೆಲ್ಲ ಊರಿನೊಳಗೇ ನಿಲ್ಲುತ್ತವೆ. ದೂರದ ಸಲ್ಫೇಟ್ ಅದರ ಮೇಲೆ ಬಂದು ಸೇರುವ ಇನ್ನೊಂದು ಪದರ. ತಮ್ಮ ಮನೆಯವರು ಮುಂಜಾನೆಯ ವಾಕಿಂಗ್ ಬಿಟ್ಟು ಬಿಸಿಲೇರಿದ ಮೇಲೆ ಹೊರಬರುವುದು, ಇನ್‌ಹೇಲರ್ ವಿಚಾರದಲ್ಲಿ ಚಳಿಗಾಲಕ್ಕೆ ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಇಲ್ಲಿ ನನ್ನನ್ನು ಬಹಳ ಕಾಡುವ ಸಂಗತಿಯೊಂದಿದೆ. ದಾವಣಗೆರೆ ಆ ಪಟ್ಟಿಯಲ್ಲಿದೆ, ಆದರೆ ವರ್ಗೀಕರಣದ ವೃತ್ತ 10 ಕಿಲೋಮೀಟರಿನದು. ಅಂದರೆ ಹರಿಹರದವರೆಗೂ ತಲುಪದ ವೃತ್ತ. ಅದರೊಳಗೆ ದೊಡ್ಡ ಉಷ್ಣ ಸ್ಥಾವರ ಯಾವುದೂ ಇಲ್ಲವಾದ್ದರಿಂದ ಪಟ್ಟಿಯಲ್ಲಿ ಹೆಸರಿದ್ದೂ ಗಂಧಕದ ಮಟ್ಟಿಗೆ ಈ ನಗರಕ್ಕೆ ಯಾವ ರಕ್ಷಣೆಯೂ ಸಿಗದು. ಒಂದು ದಿನಕ್ಕೆ 250 ಕಿಲೋಮೀಟರ್ ಸಾಗುವ ವಸ್ತುವನ್ನು 10 ಕಿಲೋಮೀಟರಿನ ವೃತ್ತದಿಂದ ಅಳೆಯುವುದು ವಿಜ್ಞಾನಕ್ಕೆ ಒಪ್ಪುವ ಕ್ರಮವಲ್ಲ ಎಂದು ನಾನು ನಂಬುತ್ತೇನೆ.

ನೈಟ್ರೋಜನ್ ಆಕ್ಸೈಡುಗಳ ಬಗ್ಗೆ ಒಂದೆರಡು ಮಾತು ಸಾಕು. ಅವು ಬಹುಪಾಲು ಬೆಂಕಿಯ ಅತಿ ಬಿಸಿಯಲ್ಲಿ ಮತ್ತು ಕಲ್ಲಿದ್ದಲಿನ ನೈಟ್ರೋಜನ್‌ನಿಂದ ಹುಟ್ಟುತ್ತವೆ. ಬರ್ನರ್ ಬದಲಿಸಿ, ಉರಿಯ ಮೇಲ್ಭಾಗದಲ್ಲಿ ಒಂದಿಷ್ಟು ಗಾಳಿಯನ್ನು ತಡವಾಗಿ ಬಿಡುವ ಏರ್ಪಾಡು ಮಾಡಿದರೆ ಹಳೆಯ ಘಟಕಗಳಲ್ಲೂ ಅವುಗಳಿಗಿರುವ ಘನ ಮೀಟರಿಗೆ 600 ಮಿಲಿಗ್ರಾಂ ಮಿತಿಯೊಳಗೆ ಬರಬಹುದು. ಪಾದರಸದ ಒಂದು ಪಾಲು ಬೂದಿಯ ಜೊತೆ ಇಎಸ್‌ಪಿಯಲ್ಲಿ, ಇನ್ನೊಂದು ಪಾಲು ಎಫ್‌ಜಿಡಿ ಇದ್ದರೆ ಅದರಲ್ಲಿ ಸಿಗುತ್ತದೆ. ಇಂಗಾಲದ ಡೈಆಕ್ಸೈಡನ್ನು ಮಾತ್ರ ಈ ಯಾವ ಸಾಧನವೂ ತಡೆಯುವುದಿಲ್ಲ.

ಇನ್ನು ಮುಚ್ಚುವ ಪ್ರಶ್ನೆ. ವಯಸ್ಸೊಂದನ್ನೇ ನೋಡಿ ತೀರ್ಪು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ತಗಡು, ತಂತಿ, ಸುತ್ತಿಗೆಗಳನ್ನು ಹೊಸದಾಗಿಸಿ, ಒಂದೆರಡು ಫೀಲ್ಡ್ ಹೆಚ್ಚಿಸಿ, ಸೀಲುಗಳನ್ನು ಸರಿಪಡಿಸಿದ ನಲವತ್ತು ವರ್ಷದ ಘಟಕ, ಹದಿನೈದು ವರ್ಷದ ಅಲಕ್ಷ್ಯಗೊಂಡ ಘಟಕಕ್ಕಿಂತ ಕಡಿಮೆ ಬೂದಿ ಉಗುಳಬಲ್ಲದು. ಆದರೆ ಹಳೆಯ ಘಟಕಗಳ ದಕ್ಷತೆ ಶೇಕಡಾ 33ರಿಂದ 35ರ ಆಸುಪಾಸು, ಈಗಿನ 800 ಮೆಗಾವ್ಯಾಟ್ ಘಟಕಗಳದ್ದು ಶೇಕಡಾ 40ರ ಹತ್ತಿರ. ಒಂದೇ ಯೂನಿಟ್ ವಿದ್ಯುತ್ತಿಗೆ ಹಳೆಯದು ಹೆಚ್ಚು ಕಲ್ಲಿದ್ದಲು ಸುಡುತ್ತದೆ, ಹೆಚ್ಚು ಗಂಧಕ ಬಿಡುತ್ತದೆ, ಹೆಚ್ಚು ಬೂದಿ ಉಳಿಸುತ್ತದೆ. ಇನ್ನು ಐದಾರು ವರ್ಷ ಮಾತ್ರ ನಡೆಯಲಿರುವ ಘಟಕಕ್ಕೆ ನೂರಾರು ಕೋಟಿಯ ಎಫ್‌ಜಿಡಿ ಕಟ್ಟುವುದು ಅವಿವೇಕ. ಅಂಥದ್ದಕ್ಕೆ ನಿವೃತ್ತಿಯ ದಿನಾಂಕವನ್ನು ಬರೆದು ಪ್ರಕಟಿಸಿ, ಬೇಸಿಗೆಯ ಬೇಡಿಕೆಯ ತಿಂಗಳುಗಳಲ್ಲಿ ಮಾತ್ರ ನಡೆಸಿ, ಇಎಸ್‌ಪಿಯ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ಕೊಡದಿರುವುದು ಸರಿಯಾದ ದಾರಿ. ಇನ್ನೂ ಹದಿನೈದು ಇಪ್ಪತ್ತು ವರ್ಷ ನಡೆಯಲಿರುವ 500 ಮೆಗಾವ್ಯಾಟ್ ಮತ್ತು ಅದಕ್ಕೂ ದೊಡ್ಡ ಘಟಕಗಳಿಗೆ, ಅವು ಯಾವ ವೃತ್ತದಲ್ಲೇ ಇರಲಿ, ಎಫ್‌ಜಿಡಿ ಇರಲೇಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ದಿನಾಂಕವೂ ಇಲ್ಲ, ಯಂತ್ರವೂ ಇಲ್ಲ ಎಂಬ ಸ್ಥಿತಿಯಲ್ಲಿ ಹಳೆಯದನ್ನು ವರ್ಷವರ್ಷವೂ ಮುಂದುವರಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ತಮ್ಮಂಥವರು ಮಾಡಬಹುದಾದ ಕೆಲಸವೊಂದಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ನೀಡಿದ ನಿರ್ದೇಶನದಂತೆ ಉಷ್ಣ ಸ್ಥಾವರಗಳ ಚಿಮಣಿಗಳಲ್ಲಿ ಸತತವಾಗಿ ಅಳೆಯುವ ಉಪಕರಣಗಳಿರಬೇಕು, ಅವುಗಳ ಅಂಕಿಗಳು ಮಂಡಳಿಗೆ ನೇರವಾಗಿ ಹೋಗಬೇಕು. ಸರ್ಕಾರಿ ಒಡೆತನದ ಸ್ಥಾವರವಾದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಂತೂ ಹಾಕಬಹುದು. ಆದರೆ ‘ಮಾಲಿನ್ಯ ಎಷ್ಟು’ ಎಂದು ಬರೆದರೆ ವರ್ಷದ ಸರಾಸರಿಯ ಒಂದು ಅಂಕಿ ಬರುತ್ತದೆ, ಅದು ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ತಾವು ಆ ಹೊಗೆ ಕಂಡ ದಿನಾಂಕವನ್ನು ನಮೂದಿಸಿ, ಆ ವಾರದ ಪ್ರತಿ ಗಂಟೆಯ ಧೂಳಿನ ಅಂಕಿ, ಆ ವಾರ ಆ ಘಟಕವನ್ನು ಎಷ್ಟು ಸಲ ಹೊತ್ತಿಸಲಾಯಿತು, ಎಣ್ಣೆ ಉರಿಸಿದ ಗಂಟೆಗಳೆಷ್ಟು, ಇಎಸ್‌ಪಿಯ ಪ್ರತಿ ದಾರಿಯಲ್ಲಿ ಎಷ್ಟು ಫೀಲ್ಡ್‌ಗಳು ಚಾಲನೆಯಲ್ಲಿದ್ದವು, ನಿಂತಿದ್ದವು ಯಾವ ದಿನಾಂಕದಿಂದ ನಿಂತಿದ್ದವು ಎಂದು ಕೇಳಿರಿ. ಕಂಟ್ರೋಲ್ ರೂಮಿನ ಲಾಗ್ ಪುಸ್ತಕದಲ್ಲಿ ಪ್ರತಿ ಪಾಳಿಯವರೂ ಇದನ್ನು ಬರೆದಿಟ್ಟಿರುತ್ತಾರೆ, ನಾವೂ ಬರೆಯುತ್ತಿದ್ದೆವು.